‘ಅನೌಪಚಾರಿಕ’: ಒಂದು ಪದದ ಚರಿತ್ರೆ ಮತ್ತು ಭೀಮಾ–ಕೃಷ್ಣೆಯರ ನಡುವಿನ ನಾಲ್ಕು ತಾಲ್ಲೂಕುಗಳ ಬಳಕೆ

ಸಾರಾಂಶ

ಇಂಗ್ಲಿಷಿನ ‘ಇನ್‌ಫಾರ್ಮಲ್’ ಎಂಬುದಕ್ಕೆ ಆಧುನಿಕ ಕನ್ನಡವು ಬಹುಮಟ್ಟಿಗೆ ‘ಅನೌಪಚಾರಿಕ’ ಎಂಬ ಒಂದೇ ಪದವನ್ನು ನೆಚ್ಚಿಕೊಂಡಿದೆ. ದಾಖಲೆಯ ಅಭಾವ, ಸಂಬಂಧದ ಸಲಿಗೆ, ಭಾಷಾಪ್ರಭೇದದ ಶಿಷ್ಟೇತರತೆ ಎಂಬ ಮೂರು ಬೇರೆ ಬೇರೆ ಸಂಗತಿಗಳನ್ನು ಈ ಪದವು ಒಂದಾಗಿ ಬೆಸೆಯುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಕನ್ನಡವು ಈ ಮೂರನ್ನೂ ಪ್ರತ್ಯೇಕ ಪದಗಳಿಂದ ಗುರುತಿಸುತ್ತದೆ. ಈ ವ್ಯತ್ಯಾಸಕ್ಕೆ ಆ ಪ್ರದೇಶದ ಆಡಳಿತಭಾಷೆಯ ಚರಿತ್ರೆಯಲ್ಲಿ ಕಾರಣಗಳಿವೆ ಎಂಬುದನ್ನೂ, ಬೆಸುಗೆಯಿಂದ ಭಾಷಾವಿಜ್ಞಾನಕ್ಕೆ ಹಾಗೂ ಭಾಷಿಕರಿಗೆ ಒದಗುವ ನಷ್ಟವನ್ನೂ ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

1. ಪ್ರಸ್ತಾವನೆ

‘ಅನೌಪಚಾರಿಕ’ ಎಂಬ ಪದವನ್ನು ಇಂದು ಶಿಕ್ಷಣಶಾಸ್ತ್ರ, ಅರ್ಥಶಾಸ್ತ್ರ, ಭಾಷಾವಿಜ್ಞಾನಗಳು ಸಮಾನವಾಗಿ ಬಳಸುತ್ತವೆ. ಅನೌಪಚಾರಿಕ ಶಿಕ್ಷಣ, ಅನೌಪಚಾರಿಕ ವಲಯ, ಅನೌಪಚಾರಿಕ ಭಾಷೆ ಎಂಬ ಪ್ರಯೋಗಗಳು ವಿದ್ವಾಂಸರ ಬರಹದಲ್ಲಿ ಸಲೀಸಾಗಿ ಬರುತ್ತವೆ. ಆದರೆ ಈ ಮೂರು ಪ್ರಯೋಗಗಳಲ್ಲಿ ಪದದ ಅರ್ಥ ಒಂದೇ ಅಲ್ಲ. ಮೊದಲನೆಯದರಲ್ಲಿ ಅದು ಶಾಲೆಯ ಕಟ್ಟುಪಾಡಿನ ಹೊರಗಿನದು. ಎರಡನೆಯದರಲ್ಲಿ ನೋಂದಣಿಯ ಹೊರಗಿನದು. ಮೂರನೆಯದರಲ್ಲಿ ಶಿಷ್ಟವೆಂದು ಒಪ್ಪಿತವಾದ ನುಡಿಯ ಹೊರಗಿನದು. ಮೂರಕ್ಕೂ ಸಾಮಾನ್ಯವಾದುದು ‘ಹೊರಗಿನದು’ ಎಂಬ ನಿಷೇಧಾರ್ಥ ಮಾತ್ರ.

ಇಂಗ್ಲಿಷಿನಲ್ಲಿಯೂ ಈ ತೊಡಕು ಇದ್ದೇ ಇದೆ. ಜೂಡಿತ್ ಅರ್ವಿನ್ 1979ರ ತಮ್ಮ ಪ್ರಸಿದ್ಧ ಲೇಖನದಲ್ಲಿ ‘ಫಾರ್ಮಲ್’ ಎಂಬ ವಿಶೇಷಣವು ಸಮಾಜವಿಜ್ಞಾನಿಗಳ ಕೈಯಲ್ಲಿ ನಾಲ್ಕು ಭಿನ್ನ ಗುಣಗಳನ್ನು ಸೂಚಿಸುತ್ತದೆಂದು ತೋರಿಸಿದರು: ಭಾಷಾಸಂಕೇತದ ಮೇಲಿನ ಹೆಚ್ಚಿನ ನಿಯಮಗಳು, ಸಂಕೇತಗಳ ನಡುವಣ ಹೊಂದಾಣಿಕೆ, ವ್ಯಕ್ತಿಗಿಂತ ಸ್ಥಾನದ ಮೂಲಕ ಗುರುತಿಸಿಕೊಳ್ಳುವಿಕೆ, ಮತ್ತು ಇಡೀ ಸಭೆಯ ಗಮನ ಒಂದೇ ಕೇಂದ್ರಕ್ಕೆ ಒದಗುವಿಕೆ. ಒಂದು ಗುಣವಿದ್ದ ಮಾತ್ರಕ್ಕೆ ಉಳಿದವು ಇರಬೇಕಾಗಿಲ್ಲ ಎಂಬುದು ಅವರ ವಾದದ ತಿರುಳು. ಕನ್ನಡದ ಸಂದರ್ಭದಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ. ಏಕೆಂದರೆ ಇಲ್ಲಿ ತೊಡಕು ಪರಿಕಲ್ಪನೆಯದಷ್ಟೇ ಆಗಿರದೆ ಅನುವಾದದ್ದೂ ಆಗಿದೆ.

2. ‘ಉಪಚಾರ’ದಿಂದ ‘ಅನೌಪಚಾರಿಕ’ದವರೆಗೆ

ಸಂಸ್ಕೃತದ ‘ಉಪಚಾರ’ವು ‘ಬಳಿಸಾರು, ಸೇವೆ ಮಾಡು’ ಎಂಬ ಅರ್ಥದ ಧಾತುವಿನಿಂದ ಬಂದುದು. ದೇವರ ಪೂಜೆಯ ಷೋಡಶೋಪಚಾರಗಳಲ್ಲಿ ಇದು ಸೇವೆಯ ಅಂಗ, ಔಷಧೋಪಚಾರದಲ್ಲಿ ಆರೈಕೆ, ಆದರೋಪಚಾರದಲ್ಲಿ ಅತಿಥಿಸತ್ಕಾರ. ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಇನ್ನೊಂದು ಪಾರಿಭಾಷಿಕ ಅರ್ಥವಿದೆ. ಪದವೊಂದು ತನ್ನ ಮುಖ್ಯಾರ್ಥವನ್ನು ಬಿಟ್ಟು ಸಂಬಂಧದ ಬಲದಿಂದ ಬೇರೊಂದನ್ನು ಹೇಳುವುದು ಉಪಚಾರ. ಮಂಚಿಕೆಯ ಮೇಲೆ ಕುಳಿತವರು ಕೂಗಿದಾಗ ‘ಮಂಚಿಕೆಗಳು ಕೂಗುತ್ತಿವೆ’ ಎನ್ನುವುದು ನೈಯಾಯಿಕರು ಕೊಡುವ ಉದಾಹರಣೆ. ಆದ್ದರಿಂದ ಶಾಸ್ತ್ರೀಯ ಸಂಸ್ಕೃತದಲ್ಲಿ ‘ಔಪಚಾರಿಕ’ವೆಂದರೆ ಲಾಕ್ಷಣಿಕವಾದುದು, ಅಕ್ಷರಶಃ ಸತ್ಯವಲ್ಲದ್ದು.

ಕನ್ನಡದ ‘ಉಪಚಾರದ ಮಾತು’ ಎಂಬ ನುಡಿಗಟ್ಟಿನಲ್ಲಿ ಸತ್ಕಾರ ಮತ್ತು ಲಕ್ಷಣೆ ಎಂಬ ಎರಡೂ ಅರ್ಥಗಳು ಕೂಡಿಕೊಂಡಂತಿವೆ. ಮನಸ್ಸಿನಲ್ಲಿ ಇರಲಿ ಬಿಡಲಿ, ಸೌಜನ್ಯಕ್ಕಾಗಿ ಆಡುವ ಮಾತು ಅದು. ‘ಇದು ಉಪಚಾರದ ಮಾತಲ್ಲ’ ಎಂದು ಹೇಳುವವನು ತನ್ನ ಮಾತಿನ ಪ್ರಾಮಾಣಿಕತೆಯನ್ನು ಸಾರುತ್ತಾನೆ. ಈ ಜಾಡಿನಲ್ಲಿ ಮುಂದುವರಿದು ‘ಔಪಚಾರಿಕ’ವು ‘ರೂಢಿಯ ವಿಧಿಗೆ ಒಳಪಟ್ಟ’ ಎಂಬ ಅರ್ಥವನ್ನು ಪಡೆಯಿತು. ಹಿಂದಿ, ಮರಾಠಿಗಳಲ್ಲಿಯೂ ಇದೇ ಜೋಡಿ ಇಂಗ್ಲಿಷಿನ ಜೋಡಿಗೆ ಸಂವಾದಿಯಾಗಿ ನೆಲೆನಿಂತಿದೆ. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಮತ್ತು 1986ರ ರಾಷ್ಟ್ರೀಯ ಶಿಕ್ಷಣ ನೀತಿಗಳ ಕಾಲಕ್ಕೆ ಶಾಲೆಯ ಹೊರಗಿನ ಕಲಿಕೆಯನ್ನು ಹೆಸರಿಸಲು ಇಂಥ ಪದ ಬೇಕಾಯಿತು. ಘಾನಾದ ಆಕ್ರಾ ನಗರದ ದುಡಿಮೆಯನ್ನು ಕುರಿತ ಕೀತ್ ಹಾರ್ಟ್ ಅವರ ಅಧ್ಯಯನ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1972ರ ಕೀನ್ಯಾ ವರದಿಗಳ ತರುವಾಯ ಅರ್ಥಶಾಸ್ತ್ರಕ್ಕೂ ಅದು ಬೇಕಾಯಿತು.

ಇಲ್ಲೊಂದು ವಿಪರ್ಯಾಸವಿದೆ. ಪದದ ಘಟಕಗಳನ್ನು ಬಿಡಿಸಿ ಓದಿದರೆ ‘ಅನೌಪಚಾರಿಕ’ವೆಂದರೆ ಉಪಚಾರವಿಲ್ಲದ್ದು. ಇಂಡಿ, ಸಿಂದಗಿಯ ಭಾಷಿಕನಿಗೆ ಉಪಚಾರವೆಂದರೆ ಮೊದಲು ನೆನಪಾಗುವುದು ಮನೆಗೆ ಬಂದವರಿಗೆ ನೀರು ಕೊಟ್ಟು, ಉಣಬಡಿಸಿ, ಕಳಿಸಿಕೊಡುವ ಕ್ರಮ. ಆ ಅರ್ಥದಲ್ಲಿ ಉಪಚಾರವು ತುಂಬಿರುವುದು ಮನೆಯಲ್ಲಿ, ಇಲ್ಲದಿರುವುದು ಕಚೇರಿಯಲ್ಲಿ. ಪಾರಿಭಾಷಿಕ ಪದವು ಮನೆಯನ್ನು ‘ಅನೌಪಚಾರಿಕ’ವೆಂದೂ ಕಚೇರಿಯನ್ನು ‘ಔಪಚಾರಿಕ’ವೆಂದೂ ಕರೆಯುವಾಗ ದಿನಬಳಕೆಯ ಅರ್ಥವು ತಲೆಕೆಳಗಾಗುತ್ತದೆ. ಆಡುಮಾತಿಗೆ ಈ ಪದ ಇಳಿಯದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಅಲ್ಲಿ ಬೇಕಾದಾಗ ಇಂಗ್ಲಿಷಿನ ‘ಇನ್‌ಫಾರ್ಮಲ್’ ಪದವೇ ಬರುತ್ತದೆ. ‘ಸಾಹೇಬ್ರು ಇನ್‌ಫಾರ್ಮಲ್ ಆಗಿ ಹೇಳ್ಯಾರ’ ಎಂಬಂಥ ವಾಕ್ಯದಲ್ಲಿ ಅದರ ಅರ್ಥ ‘ಕಾಗದದ ಮೇಲೆ ಇಲ್ಲದಂತೆ’ ಎಂದಷ್ಟೆ.

3. ಕಾಗದದ ಭಾಷೆಯ ಪದರಗಳು

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ ಹರಿಯುವ ಈ ಸೀಮೆಯಲ್ಲಿ ಕಾಗದದ ಭಾಷೆಯು ಹಲವು ಬಾರಿ ಬದಲಾಗಿದೆ. ಆದಿಲಶಾಹಿ ಆಳ್ವಿಕೆಯಲ್ಲಿ ಫಾರಸಿ ರಾಜ್ಯಭಾಷೆಯಾಗಿತ್ತು. ಒಂದನೆಯ ಇಬ್ರಾಹಿಂ ಆದಿಲಶಹನು (ಆಳ್ವಿಕೆ 1534–1558) ಕಂದಾಯದ ಲೆಕ್ಕಪತ್ರಗಳನ್ನು ಫಾರಸಿಯಿಂದ ದೇಶಭಾಷೆಗೆ ಬದಲಿಸಿದನೆಂದು ಇತಿಹಾಸಕಾರ ಫಿರಿಸ್ತಾ ದಾಖಲಿಸಿದ್ದಾನೆ. ಮರಾಠರ ಕಾಲಕ್ಕೆ ಮೋಡಿ ಲಿಪಿಯ ಮರಾಠಿ ಬರವಣಿಗೆ ಬೇರೂರಿತು. 1818ರಲ್ಲಿ ಪೇಶ್ವೆಯ ಪತನವಾದ ಮೇಲೂ ಬಿಜಾಪುರ ಮತ್ತು ಅದರ ಸುತ್ತಣ ಭಾಗ 1848ರವರೆಗೆ ಸಾತಾರೆಯ ಅರಸರ ಕೈಯಲ್ಲಿತ್ತು. 1864ರಲ್ಲಿ ಕಲಾದಗಿ ಜಿಲ್ಲೆಯ ರಚನೆಯಾಯಿತು. ಮುಂದೆ ಅದರ ಕೇಂದ್ರ ಬಿಜಾಪುರಕ್ಕೆ ಬಂದಿತು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯ ಬದಲು ಕನ್ನಡವನ್ನು ನೆಲೆಗೊಳಿಸಲು ಡೆಪ್ಯುಟಿ ಚನ್ನಬಸಪ್ಪ ಮೊದಲಾದವರು ಹೆಣಗಬೇಕಾಯಿತು. 1956ರ ಏಕೀಕರಣದ ತರುವಾಯ ಪಠ್ಯಪುಸ್ತಕ ಮತ್ತು ಕಚೇರಿಗಳ ಮೂಲಕ ಹಳೆಯ ಮೈಸೂರಿನ ಗ್ರಾಂಥಿಕ ಕನ್ನಡವು ಪ್ರಮಾಣವಾಯಿತು. 1963ರ ರಾಜ್ಯಭಾಷಾ ಅಧಿನಿಯಮವು ಕನ್ನಡಕ್ಕೆ ಆಡಳಿತದಲ್ಲಿ ಶಾಸನಬದ್ಧ ಸ್ಥಾನ ಕೊಟ್ಟಿತು.

ಈ ಚರಿತ್ರೆಯಿಂದ ಒಂದು ಅಂಶ ಹೊರಡುತ್ತದೆ. ಸುಮಾರು ನಾಲ್ಕು ಶತಮಾನಗಳ ಕಾಲ ಇಲ್ಲಿನ ರೈತ, ಕುಶಲಕರ್ಮಿಗಳಿಗೆ ಕಾಗದದ ಭಾಷೆ ತಮ್ಮದಾಗಿರಲಿಲ್ಲ. ಕನ್ನಡವೇ ಆದಾಗಲೂ ಅದು ತಮ್ಮ ಕನ್ನಡವಾಗಿರಲಿಲ್ಲ. ಇದರ ಗುರುತು ಪದಕೋಶದಲ್ಲಿ ಉಳಿದಿದೆ. ದಾಖಲೆಗೆ ಸಂಬಂಧಿಸಿದ ಪದಗಳು ಬಹುಪಾಲು ಫಾರಸಿ, ಮರಾಠಿ, ಇಂಗ್ಲಿಷಿನವು: ದಸ್ತಾವೇಜು, ಕರಾರು, ಕಬೂಲಿ, ಪಾವತಿ, ಪಕ್ಕಾ, ಕಚ್ಚಾ, ಸ್ಟಾಂಪು, ಬಾಂಡು. ‘ಕಚ್ಚಾ ಲೆಕ್ಕ’ ಎಂದರೆ ಇನ್ನೂ ಅಂತಿಮವಾಗದ ಲೆಕ್ಕ. ‘ಖಾಸಗಿ’ ಎಂದರೆ ಸರಕಾರದ್ದಲ್ಲದ್ದು.

‘ತೋಂಡಿ’ ಎಂಬ ಪದ ಇಲ್ಲಿ ವಿಶೇಷ ಗಮನಕ್ಕೆ ಯೋಗ್ಯ. ಮರಾಠಿಯಲ್ಲಿ ‘ತೋಂಡ’ ಎಂದರೆ ಬಾಯಿ. ‘ತೋಂಡಿ’ ಎಂದರೆ ಬಾಯಿಂದ ಆದದ್ದು. ತೋಂಡಿ ಪರೀಕ್ಷೆ, ತೋಂಡಿ ಕರಾರು ಎಂಬ ಪ್ರಯೋಗಗಳು ಉತ್ತರ ಕರ್ನಾಟಕಕ್ಕೆ ಪರಿಚಿತ. ಬಾಯಿ, ಮಾತು, ನುಡಿ ಎಂಬ ಕನ್ನಡದ್ದೇ ಪದಗಳಿರುವಾಗ ಬಾಯಿಮಾತನ್ನು ಹೆಸರಿಸಲು ಮರಾಠಿಯಿಂದ ಪದ ತರಬೇಕಾದುದೇಕೆ? ಬರಹವು ವಾಡಿಕೆಯಾಗುವವರೆಗೆ ಮಾತಿಗೆ ‘ಬಾಯಿಂದ ಆದ’ ಎಂಬ ವಿಶೇಷಣ ಬೇಕಾಗುವುದಿಲ್ಲ. ಕಚೇರಿಯು ಬರಹವನ್ನು ಪ್ರಮಾಣವಾಗಿಸಿದ ಮೇಲೆಯೇ ಮಾತು ‘ತೋಂಡಿ’ಯಾಗುತ್ತದೆ. ಹೀಗಾಗಿ ಆ ಹೆಸರೂ ಕಚೇರಿಯ ಭಾಷೆಯಿಂದಲೇ ಬಂದಿತು. ಇದು ಮಾತಿನ ಸ್ವರೂಪವನ್ನು ವರ್ಣಿಸುವ ಪದವಲ್ಲ. ಕಚೇರಿಯ ಕಣ್ಣಿಗೆ ಮಾತು ಹೇಗೆ ಕಾಣುತ್ತದೆಂಬುದನ್ನು ಹೇಳುವ ಪದ.

ಇದಕ್ಕೆ ಎದುರಾಗಿ, ಮಾತಿನ ಕಟ್ಟನ್ನು ಸೂಚಿಸುವ ಪದಗಳನ್ನು ನೋಡಬಹುದು. ಕನ್ನಡದಲ್ಲಿ ಮಾತು, ನುಡಿ, ಭಾಷೆ, ವಚನ ಎಂಬ ನಾಲ್ಕೂ ಪದಗಳಿಗೆ ‘ಆಡಿದ್ದು’ ಎಂಬ ಅರ್ಥದೊಡನೆ ‘ಪ್ರತಿಜ್ಞೆ’ ಎಂಬ ಅರ್ಥವೂ ಇದೆ. ಮಾತು ಕೊಡುವುದು, ನುಡಿಗೆ ತಪ್ಪುವುದು, ಭಾಷೆ ಕೊಡುವುದು, ವಚನ ಪಾಲಿಸುವುದು ಇವೆಲ್ಲ ಸಾಮಾನ್ಯ ನುಡಿಗಟ್ಟುಗಳು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಾಲದ ಪ್ರಕಾರಕ್ಕೆ ‘ವಚನ’ವೆಂಬ ಹೆಸರಿರುವುದನ್ನು ಈ ಹಿನ್ನೆಲೆಯಲ್ಲಿಯೂ ಗಮನಿಸಬೇಕು. ಆಡಿದ ಮಾತು ಸಡಿಲವಾದುದು, ಬರೆದುದು ಬಿಗಿಯಾದುದು ಎಂಬ ಎಣಿಕೆಗೆ ಈ ಪದಕೋಶದಲ್ಲಿ ಆಧಾರವಿಲ್ಲ.

4. ಬಾಯಿಮಾತಿನ ಗೇಣಿ: ಪದದಿಂದ ಹಕ್ಕಿನವರೆಗೆ

ಈ ವ್ಯತ್ಯಾಸವು ಬರಿಯ ಪದಗಳದಾಗಿದ್ದರೆ ಅದನ್ನು ಇಷ್ಟು ಬೆಳೆಸಬೇಕಾಗಿರಲಿಲ್ಲ. ಅದು ಹಕ್ಕಿನ ಪ್ರಶ್ನೆಯಾದ ಸಂದರ್ಭಗಳಿವೆ. ಉತ್ತರ ಕರ್ನಾಟಕದಲ್ಲಿ ಹೊಲವನ್ನು ಗೇಣಿಗೆ ಕೊಡುವುದಕ್ಕೆ ‘ಲಾವಣಿ’ ಎಂದೂ, ಬೆಳೆಯಲ್ಲಿ ಭಾಗಕ್ಕೆ ಕೊಡುವುದಕ್ಕೆ ‘ಪಾಲು’ ಎಂದೂ ಹೇಳುತ್ತಾರೆ. ಇಂಥ ಒಪ್ಪಂದಗಳು ಅನೇಕ ವೇಳೆ ಬಾಯಿಮಾತಿನಲ್ಲಿಯೇ ನಡೆಯುತ್ತಿದ್ದವು. ಆದರೆ ಬೀಜ ಯಾರದು, ಎತ್ತು ಯಾರವು, ಕಣದಲ್ಲಿ ರಾಶಿ ಹಂಚುವ ಕ್ರಮ ಯಾವುದು, ಆಯಗಾರರ ಪಾಲನ್ನು ಯಾವಾಗ ತೆಗೆಯಬೇಕು ಎಂಬುದಕ್ಕೆಲ್ಲ ಕಟ್ಟುಪಾಡುಗಳಿದ್ದವು. ದಾಖಲೆಯಿರಲಿಲ್ಲ ಎಂಬುದು ನಿಜ. ರೂಪವಿರಲಿಲ್ಲ ಎಂಬುದು ನಿಜವಲ್ಲ.

1872ರ ಭಾರತೀಯ ಸಾಕ್ಷ್ಯ ಅಧಿನಿಯಮವು ಬಾಯಿಸಾಕ್ಷ್ಯವನ್ನು ಒಪ್ಪಿತ್ತಾದರೂ, ಕರಾರಿನ ನಿಬಂಧನೆಗಳು ದಸ್ತಾವೇಜಿನ ರೂಪ ತಾಳಿದ್ದರೆ ಅವುಗಳ ರುಜುವಾತಿಗೆ ಆ ದಸ್ತಾವೇಜೇ ಮುಖ್ಯವೆಂದು ವಿಧಿಸಿತ್ತು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು ಹಕ್ಕುದಾಖಲೆಯ ನಮೂದು ಸುಳ್ಳೆಂದು ಸಿದ್ಧವಾಗುವವರೆಗೆ ನಿಜವೆಂದು ಭಾವಿಸಬೇಕೆಂದಿತು. ತಿದ್ದುಪಡಿಯಾದ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯ ಮಂಡಳಿಯ ಮುಂದೆ ತಮ್ಮ ಸಾಗುವಳಿಯನ್ನು ಸಿದ್ಧಪಡಿಸಬೇಕಾದಾಗ, ಬಾಯಿಮಾತಿನ ಲಾವಣಿ ಏನೆಂದು ಎಣಿಸತಕ್ಕದ್ದು ಎಂಬ ಪ್ರಶ್ನೆಯೇ ತೀರ್ಪಿನ ಪ್ರಶ್ನೆಯಾಯಿತು. ಪಹಣಿಯ ಸಾಗುವಳಿದಾರರ ಅಂಕಣದಲ್ಲಿ ಹೆಸರಿದ್ದವನ ಸ್ಥಿತಿ ಒಂದಾದರೆ, ನೆರೆಹೊಲದವರ ಸಾಕ್ಷ್ಯವನ್ನೇ ನಂಬಿದವನ ಸ್ಥಿತಿ ಇನ್ನೊಂದು. ಆಲಮಟ್ಟಿ ಜಲಾಶಯಕ್ಕಾಗಿ ಕೃಷ್ಣೆಯ ದಂಡೆಯ ಜಮೀನುಗಳು ಸ್ವಾಧೀನವಾದಾಗಲೂ ಪರಿಹಾರದ ಆಧಾರ ದಾಖಲೆಯೇ ಆಗಿತ್ತು.

ಇಂಥ ಸಂಬಂಧಗಳನ್ನು ಇಂದಿನ ಸಂಶೋಧನೆಯು ‘ಅನೌಪಚಾರಿಕ ಗೇಣಿ’ ಎಂದು ಕರೆಯುವಾಗ ‘ದಾಖಲೆಯಿಲ್ಲದ’ ಎಂಬ ಅಂಶದೊಡನೆ ‘ಸಡಿಲವಾದ, ಬದ್ಧತೆಯಿಲ್ಲದ’ ಎಂಬ ಧ್ವನಿಯೂ ಸೇರಿಕೊಳ್ಳುತ್ತದೆ. ಗೇಣಿದಾರನಿಗೆ ಪ್ರತಿಕೂಲವಾದ ವಾದವೂ ಇದನ್ನೇ ಹೇಳುತ್ತದೆ: ಕೊಟ್ಟದ್ದು ಹಕ್ಕಲ್ಲ, ಸಲಿಗೆಯಷ್ಟೇ ಎಂದು. ಪಾರಿಭಾಷಿಕ ಪದವು ಅರಿಯದೆಯೇ ವಿವಾದದ ಒಂದು ಪಕ್ಷವನ್ನು ವಹಿಸಿದಂತಾಗುತ್ತದೆ.

5. ಸಲಿಗೆ ಮತ್ತು ಮರ್ಯಾದೆ

ಎರಡನೆಯ ಅಕ್ಷ ಸಂಬಂಧದ್ದು. ಇದಕ್ಕೆ ಈ ಸೀಮೆಯ ಕನ್ನಡದಲ್ಲಿ ಸಲಿಗೆ, ಬಳಕೆ, ಮರ್ಯಾದೆ ಎಂಬ ಪದಗಳಿವೆ. ವ್ಯಾಕರಣದಲ್ಲಿ ಇದರ ಮುಖ್ಯ ಸೂಚಕ ‘-ರಿ’. ಬರ್ರಿ, ನೋಡ್ರಿ ಎಂಬ ಆಜ್ಞಾರ್ಥ ರೂಪಗಳಲ್ಲಿ ಮಾತ್ರವಲ್ಲದೆ ಹೌದ್ರಿ, ಇಲ್ಲರಿ, ಯಾಕ್ರಿ, ಎಲ್ಲಿಗ್ರಿ ಎಂದು ಯಾವ ವರ್ಗದ ಪದಕ್ಕಾದರೂ ಅದು ಹತ್ತುತ್ತದೆ. ಆಜ್ಞಾರ್ಥದ ಬಹುವಚನ ಪ್ರತ್ಯಯವಾದ ‘-ಇರಿ’ಯೊಡನೆ ಇದರ ಸಂಬಂಧವನ್ನು ಕಾಣುವುದು ಸಹಜ. ಇದರ ಎದುರಿಗೆ ‘ಲೇ’ ಮತ್ತು ‘ಬೇ’ಗಳಿವೆ. ಗೆಳೆಯರಿಗೆ, ಕಿರಿಯರಿಗೆ ‘ಲೇ’; ತಾಯಿ ಹಾಗೂ ಆಪ್ತ ಹೆಂಗಸರಿಗೆ ‘ಬೇ’.

ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಮಂಡಿಸಿದ ಅಧಿಕಾರ–ಆಪ್ತತೆಗಳ ಚೌಕಟ್ಟಿನಲ್ಲಿ ಇವುಗಳನ್ನು ವಿವರಿಸಬಹುದು. ಆದರೆ ಔಪಚಾರಿಕ–ಅನೌಪಚಾರಿಕ ಎಂಬ ಜೋಡಿಯಿಂದ ಸಾಧ್ಯವಿಲ್ಲ. ಹೆಂಡತಿ ಗಂಡನಿಗೆ ಅಡಿಗೆಮನೆಯಲ್ಲಿ ‘ಉಣ್ಣಾಕ ಬರ್ರಿ’ ಎನ್ನುತ್ತಾಳೆ. ಸಂದರ್ಭ ಆಪ್ತವಾದುದು, ರೂಪ ಗೌರವದ್ದು. ಮಗ ತಾಯಿಗೆ ‘ಬಾ ಬೇ ಯವ್ವಾ’ ಎನ್ನುತ್ತಾನೆ. ರೂಪ ಸಲಿಗೆಯದು, ಆದರೆ ಅಗೌರವದ ಲೇಶವೂ ಇಲ್ಲ. ಇಲ್ಲಿ ಪ್ರತ್ಯಯವು ಸಂದರ್ಭವನ್ನಲ್ಲ, ಸಂಬಂಧವನ್ನು ಅನುಸರಿಸುತ್ತದೆ.

ಪತ್ರಲೇಖನದ ಪಾಠಗಳಲ್ಲಿಯೂ ಇದೇ ಗೊಂದಲ ಕಾಣುತ್ತದೆ. ತಂದೆತಾಯಿಗಳಿಗೆ ಬರೆಯುವ ಪತ್ರವನ್ನು ಶಾಲೆಯು ‘ಅನೌಪಚಾರಿಕ ಪತ್ರ’ದ ವರ್ಗಕ್ಕೆ ಸೇರಿಸುತ್ತದೆ. ಆದರೆ ಹಳೆಯ ಕುಟುಂಬಪತ್ರಗಳಷ್ಟು ಸೂತ್ರಬದ್ಧವಾದ ಬರವಣಿಗೆ ವಿರಳ. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ, ಕಿರಿಯರಿಗೆ ಆಶೀರ್ವಾದ ಇವೆಲ್ಲ ನಿಯತ ಕ್ರಮದಲ್ಲಿಯೇ ಬರಬೇಕು. ಮದುವೆಯ ಕರೆಯಲ್ಲಿ ಇದು ಇನ್ನೂ ಸ್ಪಷ್ಟ. ಮುದ್ರಿತ ಲಗ್ನಪತ್ರಿಕೆ ಕೈಸೇರಿದರೂ ಮನೆಗೆ ಬಂದು ಬಾಯಿತುಂಬ ಕರೆಯದಿದ್ದರೆ ಬೀಗರ ಪಾಲಿಗೆ ಅದು ಕರೆಯಲ್ಲ. ವಿಧಿಯ ಬಿಗಿ ಇರುವುದು ಬಾಯಿಯ ಕರೆಯಲ್ಲಿ. ಪತ್ರಿಕೆಯು ದಿನ, ವೇಳೆಗಳ ನೆನಪಿಗೆ.

6. ಆಡುನುಡಿಯೊಳಗಿನ ಬಿಗಿ

ಮೂರನೆಯ ಅಕ್ಷ ಭಾಷಾಪ್ರಭೇದದ್ದು. ಸಂಸ್ಕೃತ ಕಾವ್ಯಮೀಮಾಂಸೆಯಲ್ಲಿ ‘ಗ್ರಾಮ್ಯ’ವು ದೋಷವಾಗಿತ್ತು. ಕ್ರಿ.ಶ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ದೇಸಿಗಳ ಬಾಹುಳ್ಯವನ್ನು ಒಪ್ಪಿಕೊಂಡು, ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡಿನ ನುಡಿಯನ್ನು ಕನ್ನಡದ ತಿರುಳೆಂದು ಎತ್ತಿಹಿಡಿಯಿತು. ಕಿಸುವೊಳಲ್ ಅಂದರೆ ಇಂದಿನ ಪಟ್ಟದಕಲ್ಲು; ಮುದ್ದೇಬಿಹಾಳ, ಬಾಗೇವಾಡಿಗಳು ಇದಕ್ಕೆ ಉತ್ತರದಲ್ಲಿ, ಕೃಷ್ಣೆಯ ಆಚೆಗೆ ಇವೆ. ಅಂದು ಪ್ರಮಾಣಭಾಷೆಯ ನೆಲೆಗೆ ನೆರೆಯಾಗಿದ್ದ ನಾಡು ಇಂದು ಅದರ ಅಂಚಿಗೆ ಸರಿದಿದೆ. ಪ್ರಮಾಣತೆ ನುಡಿಯ ಒಡಲಿನ ಗುಣವಲ್ಲ, ಅದು ಚರಿತ್ರೆಯ ಫಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತನಗೆ ಪ್ರಮಾಣವಾದ ಪೂರ್ವಕವಿಗಳನ್ನು ಹೆಸರಿಸುತ್ತಾನೆ, ಅವರಲ್ಲಿ ವಚನಕಾರರಿಲ್ಲ. ವಚನಗಳು ವಿದ್ವತ್ತಿನ ಆಕರವಾಗಲು ಬಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸುವವರೆಗೆ ಕಾಯಬೇಕಾಯಿತು. ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು, ಎಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದರು. ಬೀಸುವಾಗ, ಕುಟ್ಟುವಾಗ ಹಾಡುವ ಈ ಪದ್ಯಗಳ ಛಂದಸ್ಸು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರಷ್ಟು ಹಿಂದೆಯೇ, ಕಲ್ಲಿನ ಮೇಲೆ ಬರೆದ ತ್ರಿಪದಿಗಳಿವೆ. ಶಾಸನಕ್ಕೆ ತಕ್ಕದ್ದಾಗಿದ್ದ ಬಂಧವು ಬೀಸುಕಲ್ಲಿನ ಮುಂದೆಯೂ ಅಕ್ಷರವಿಲ್ಲದೆ ಉಳಿದು ಬಂದಿತು.

ಆಡುನುಡಿಯಲ್ಲಿ ಸಭೆಯ ಮಾತೂ ಇದೆ. ಬಯಲಾಟ, ಭಜನೆ, ಗೀಗೀ ಪದಗಳ ಆರಂಭದಲ್ಲಿ ನೆರೆದ ಜನರನ್ನು ‘ದೈವ’ವೆಂದು ಸಂಬೋಧಿಸಿ ಶರಣು ಹೇಳುವ ರೂಢಿಯಿದೆ. ಹಲಸಂಗಿ ಖಾಜಾಭಾಯಿಯಂಥ ಲಾವಣಿಕಾರರು ಬೆಳೆದ ಈ ಸೀಮೆಯಲ್ಲಿ ಹರದೇಶಿ–ನಾಗೇಶಿ ಮೇಳಗಳ ಸವಾಲು–ಜವಾಬುಗಳು ಕಟ್ಟುನಿಟ್ಟಾದ ವಾದದ ಕ್ರಮವನ್ನು ಪಾಲಿಸುತ್ತವೆ. ಅರ್ವಿನ್ ಹೇಳುವ ನಾಲ್ಕೂ ಗುಣಗಳು ಇಲ್ಲಿವೆ: ಸಂಕೇತದ ನಿಯಮ, ಹೊಂದಾಣಿಕೆ, ಸ್ಥಾನಸೂಚಕ ಗುರುತು, ಕೇಂದ್ರೀಕೃತ ಗಮನ. ಆದರೆ ಭಾಷೆ ‘ಮನಿ’, ‘ಹೋಗ್ಯಾನ’, ‘ಬಂದಾನ’ ಎಂಬ ರೂಪಗಳ ಪ್ರಾದೇಶಿಕ ಕನ್ನಡವೇ.

ಫರ್ಗ್ಯುಸನ್ ಅವರ 1959ರ ದ್ವಿಭಾಷಿತ್ವ ಸಿದ್ಧಾಂತವು ಗ್ರಾಂಥಿಕ ಮತ್ತು ಆಡುನುಡಿಗಳಿಗೆ ಪ್ರತ್ಯೇಕ ಸಂದರ್ಭಗಳನ್ನು ಹಂಚಿಕೊಟ್ಟಿತು. ಕನ್ನಡವನ್ನು ಆ ಮಾದರಿಯಲ್ಲಿ ನೋಡಿದಾಗ ಆಡುನುಡಿಗೆ ಅನೌಪಚಾರಿಕ ಸಂದರ್ಭವೊಂದೇ ಪಾಲಿಗೆ ಬಂದಿತು. ಅದರ ಪರಿಣಾಮವಾಗಿ ಪ್ರಾದೇಶಿಕ ಪ್ರಭೇದಕ್ಕೆ ತನ್ನದೇ ಬಿಗಿ–ಸಡಿಲಗಳ ಶ್ರೇಣಿಯಿದೆ ಎಂಬ ಅಂಶವು ಮರೆಯಾಗುತ್ತದೆ. ಚಲನಚಿತ್ರ, ದೂರದರ್ಶನಗಳಲ್ಲಿ ಈ ಭಾಗದ ನುಡಿ ಹಾಸ್ಯಕ್ಕೋ ಒರಟುತನಕ್ಕೋ ಮೀಸಲಾಗುವುದು ಇದೇ ಗ್ರಹಿಕೆಯ ಜನಪ್ರಿಯ ರೂಪ. ತರಗತಿಯಲ್ಲಿ ‘ಹೌದ್ರಿ, ಬರದೇನ್ರಿ’ ಎಂದ ಹುಡುಗಿ ತನ್ನ ನುಡಿಯ ಅತ್ಯಂತ ಗೌರವದ ರೂಪವನ್ನೇ ಬಳಸಿರುತ್ತಾಳೆ. ಅದನ್ನು ‘ಆಡುಮಾತು ಬೇಡ’ ಎಂದು ತಿದ್ದಿದರೆ ಅವಳಿಗೆ ಮುಟ್ಟುವ ಅರ್ಥ, ತನ್ನ ನುಡಿಯಲ್ಲಿ ಗೌರವವೇ ಇಲ್ಲವೆಂದು.

7. ಸಮಾರೋಪ

ಮೇಲಿನ ಪರಿಶೀಲನೆಯಿಂದ ಎರಡು ಸೂಚನೆಗಳನ್ನು ಮುಂದಿಡಬಹುದು. ಮೊದಲನೆಯದು ಪರಿಭಾಷೆಗೆ ಸಂಬಂಧಿಸಿದ್ದು. ದಾಖಲೆಯ ಅಭಾವವನ್ನು ಹೇಳಬೇಕಾದಲ್ಲಿ ‘ಬಾಯಿಮಾತಿನ’ ಅಥವಾ ‘ದಾಖಲೆಯಿಲ್ಲದ’ ಎಂದೂ, ಸಂಬಂಧವನ್ನು ಹೇಳಬೇಕಾದಲ್ಲಿ ‘ಸಲಿಗೆಯ’ ಎಂದೂ, ಪ್ರಭೇದವನ್ನು ಹೇಳಬೇಕಾದಲ್ಲಿ ‘ಆಡುನುಡಿಯ’ ಅಥವಾ ‘ಪ್ರಾದೇಶಿಕ’ ಎಂದೂ ಬಿಡಿಸಿ ಹೇಳುವುದು ಉಚಿತ. ‘ಅನೌಪಚಾರಿಕ’ವನ್ನು ಅನೌಪಚಾರಿಕ ಶಿಕ್ಷಣದಂಥ ಸಾಂಸ್ಥಿಕ ಅರ್ಥಕ್ಕೆ ಸೀಮಿತಗೊಳಿಸಿದರೆ ಗೊಂದಲ ಕಡಿಮೆಯಾದೀತು.

ಎರಡನೆಯದು ಸಂಶೋಧನಾ ವಿಧಾನಕ್ಕೆ ಸಂಬಂಧಿಸಿದ್ದು. ವಿಲಿಯಂ ಬ್ರೈಟ್ ಅವರ 1958ರ ಆಡುಗನ್ನಡದ ವ್ಯಾಕರಣದಿಂದೀಚೆಗೆ ಕನ್ನಡದ ಪ್ರಭೇದಗಳನ್ನು ಕುರಿತು ಗಣನೀಯ ಕೆಲಸ ನಡೆದಿದೆ. ಆ ಪರಂಪರೆಯಲ್ಲಿ ದತ್ತ ಸಂಗ್ರಹಿಸುವವರು ಹರಟೆ, ಕಥೆ, ಪದಪಟ್ಟಿಗಳಷ್ಟಕ್ಕೇ ನಿಲ್ಲದೆ ನ್ಯಾಯದ ಮಾತು, ಬೀಗರ ಮಾತುಕತೆ, ಮೇಳದ ಸವಾಲು, ದೈವಕ್ಕೆ ಹೇಳುವ ಶರಣು ಇವುಗಳನ್ನೂ ಧ್ವನಿಮುದ್ರಿಸಬೇಕು. ಇಂಡಿ, ಸಿಂದಗಿಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿಗಳೂ, ಮುದ್ದೇಬಿಹಾಳ, ಬಾಗೇವಾಡಿಗಳಿಂದ ತಾಳಿಕೋಟೆ, ನಿಡಗುಂದಿಗಳೂ ಈಚೆಗೆ ಬೇರೆ ತಾಲ್ಲೂಕುಗಳಾಗಿವೆ. ಕಚೇರಿಯು ಹಳ್ಳಿಗೆ ಹಿಂದೆಂದಿಗಿಂತ ಸಮೀಪವಾಗಿದೆ. ಆ ಕಚೇರಿಯ ಕಟ್ಟೆಯ ಮೇಲೆ ರೈತನೊಬ್ಬನು ತನ್ನ ಅರ್ಜಿಯ ವಿಷಯವನ್ನು ‘-ರಿ’ ಹಚ್ಚಿ ವಿವರಿಸುವಾಗ ಯಾವ ಕನ್ನಡವನ್ನು ಆಡುತ್ತಾನೆ, ಗುಮಾಸ್ತನು ಅದನ್ನು ಯಾವ ಕನ್ನಡಕ್ಕೆ ಇಳಿಸಿಕೊಳ್ಳುತ್ತಾನೆ, ಆ ದಾಟುವಿಕೆಯಲ್ಲಿ ಏನು ಉಳಿಯುತ್ತದೆ, ಏನು ಬಿದ್ದುಹೋಗುತ್ತದೆ ಎಂಬುದು ಮುಂದಿನ ಅಧ್ಯಯನಕ್ಕೆ ಯೋಗ್ಯವಾದ ವಸ್ತು.